ಗಲ್ಲಿನ ಕೈದಿಗಳನ್ನು ಹುಡುಕಿಕೊಂಡು ಹೋದ ಕಾನೂನು ವಿದ್ಯಾರ್ಥಿಗಳು: ಒಂದು ಪ್ರಕರಣ ಅಧ್ಯಯನ

ಲಾ ಕಾಲೇಜು ಇದ್ದ ಕಡೆ ಎದುರಿಗೊಂದು ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಸೆಮಿಸ್ಟರ್ ಮುಗಿಯುವ ವಾರ ಅಲ್ಲಿ ಅರ್ಧ ಗಂಟೆ ನಿಂತರೆ ಸಾಕು, ನಮ್ಮ ‘ಸಂಶೋಧನೆ’ ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಾಗುತ್ತದೆ. ಹೋದ ವರ್ಷ ಸೀನಿಯರ್ ಕೊಟ್ಟ ಪ್ರಾಜೆಕ್ಟೇ ಈ ವರ್ಷವೂ. ಮೊದಲ ಹಾಳೆಯಲ್ಲಿ ಹೆಸರು, ರಿಜಿಸ್ಟರ್ ನಂಬರ್ ಮಾತ್ರ ಬೇರೆ. ಸ್ಪೈರಲ್ ಬೈಂಡಿಂಗ್ ಆದರೆ ಮುಗಿಯಿತು. ‘ಗೈಡ್’ ಎನಿಸಿಕೊಂಡ ಮೇಷ್ಟ್ರು ಕೃತಜ್ಞತೆಯ ಪುಟದಲ್ಲಿ ಸಿಗುತ್ತಾರೆ, ಸಹಿ ಹಾಕುವಾಗ ಸಿಗುತ್ತಾರೆ. ನಡುವೆ ಸಿಗುವುದು ಅಪರೂಪ.

ನಾನೂ ಹಾಗೆ ಪ್ರಾಜೆಕ್ಟ್ ಕೊಟ್ಟು ಪಾಸಾದವನೇ. ಒಂದರ ವಿಷಯ ಮರಣದಂಡನೆ. 1980ರ ಬಚ್ಚನ್ ಸಿಂಗ್ ತೀರ್ಪು, 1983ರ ಮಚ್ಚಿ ಸಿಂಗ್ ತೀರ್ಪು, ‘ಅಪರೂಪದಲ್ಲಿ ಅಪರೂಪದ ಪ್ರಕರಣ’ ಅಂದರೇನು, ಪರ ವಾದ, ವಿರೋಧ ವಾದ, ಉಪಸಂಹಾರ. ಗಲ್ಲಿನ ತೀರ್ಪಾದ ಒಬ್ಬನೇ ಒಬ್ಬ ಮನುಷ್ಯನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಂಕ ಮಾತ್ರ ಚೆನ್ನಾಗಿಯೇ ಬಂತು.

ಅದೇ ವಿಷಯವನ್ನು ಅದೇ ವಯಸ್ಸಿನ ವಿದ್ಯಾರ್ಥಿಗಳು ಒಬ್ಬ ಮೇಷ್ಟ್ರ ಜೊತೆ ಸೇರಿ ಬೇರೆ ರೀತಿ ಕೈಗೆತ್ತಿಕೊಂಡರು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಶುರುವಾಗಿ, 2016ರ ಮೇ ತಿಂಗಳಲ್ಲಿ ಎರಡು ಸಂಪುಟಗಳ ‘ಡೆತ್ ಪೆನಾಲ್ಟಿ ಇಂಡಿಯಾ ರಿಪೋರ್ಟ್’ ಆಗಿ ಹೊರಬಂದ ಆ ಕೆಲಸದ ಪ್ರಕರಣ ಇದು. ಗಲ್ಲು ಶಿಕ್ಷೆ ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ಒಂದು ವಿದ್ಯಾರ್ಥಿ ಸಂಶೋಧನೆ ಹೇಗೆ ಇಷ್ಟು ದೂರ ಹೋಯಿತು, ಅದರಲ್ಲಿ ಮೇಷ್ಟ್ರ ಪಾಲು ಎಷ್ಟು, ಎಲ್ಲಿ ಅದಕ್ಕೆ ಪೆಟ್ಟು ಬೀಳಬಹುದಿತ್ತು ಅನ್ನುವುದಷ್ಟೇ ನೋಡೋಣ.

ಆಗಿನ ಹವಾ

2012ರ ನವೆಂಬರ್ 21ರಂದು ಪುಣೆಯ ಯರವಡಾ ಜೈಲಿನಲ್ಲಿ ಅಜ್ಮಲ್ ಕಸಬ್‌ಗೆ ಗಲ್ಲಾಯಿತು. 2013ರ ಫೆಬ್ರವರಿ 9ರಂದು ತಿಹಾರ್‌ನಲ್ಲಿ ಅಫ್ಜಲ್ ಗುರುವಿಗೆ. ಅದಕ್ಕೂ ಹಿಂದೆ ದೇಶದಲ್ಲಿ ಗಲ್ಲಾಗಿದ್ದು 2004ರ ಆಗಸ್ಟ್‌ನಲ್ಲಿ, ಕೋಲ್ಕತ್ತದ ಅಲಿಪುರ ಜೈಲಿನಲ್ಲಿ. ಎಂಟು ವರ್ಷ ಸುಮ್ಮನೆ ಬಿದ್ದಿದ್ದ ಹಗ್ಗ ಮೂರು ತಿಂಗಳೊಳಗೆ ಎರಡು ಸಲ ಹೊರಗೆ ಬಂತು. ನಡುವೆ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನ ಘಟನೆ. 2013ರಲ್ಲೇ ಕ್ರಿಮಿನಲ್ ಕಾನೂನಿಗೆ ತಿದ್ದುಪಡಿಯಾಗಿ ಅತ್ಯಾಚಾರದ ಕೆಲವು ಬಗೆಯ ಪ್ರಕರಣಗಳಿಗೂ ಮರಣದಂಡನೆ ಸೇರಿತು. ರಾತ್ರಿಯ ಟಿವಿ ಚರ್ಚೆಯಲ್ಲಿ ಗಲ್ಲಿನ ಮಾತಿಲ್ಲದ ದಿನ ಕಡಿಮೆ.

ಇಷ್ಟೆಲ್ಲ ಮಾತಿನ ನಡುವೆ ಒಂದು ಸಣ್ಣ ಪ್ರಶ್ನೆಗೆ ಉತ್ತರ ಇರಲಿಲ್ಲ. ಈ ಹೊತ್ತಿನಲ್ಲಿ ಗಲ್ಲಿನ ತೀರ್ಪು ತಲೆ ಮೇಲೆ ಹೊತ್ತು ಜೈಲಿನಲ್ಲಿರುವವರು ಎಷ್ಟು ಜನ? ಯಾರವರು? ಏನು ಕೆಲಸ ಮಾಡುತ್ತಿದ್ದವರು? ಎಷ್ಟು ಓದಿದವರು? ಅವರ ವಕೀಲರು ಯಾರು? ಅಪರಾಧ ದಾಖಲೆ ಬ್ಯೂರೊ ವರ್ಷ ವರ್ಷ ಅಂಕಿ ಕೊಡುತ್ತಿತ್ತು, ನಿಜ. ಅಂಕಿಯ ಹಿಂದಿನ ಮನುಷ್ಯ ಎಲ್ಲೂ ಇರಲಿಲ್ಲ. ಲೈಬ್ರರಿಯಲ್ಲಿ ಕೂತು ಎಷ್ಟು ತೀರ್ಪು ಓದಿದರೂ ಸಿಗದ ಉತ್ತರ ಇದು. ತೀರ್ಪಿನಲ್ಲಿ ಅಪರಾಧ ಪುಟಗಟ್ಟಲೆ ಇರುತ್ತದೆ. ಅಪರಾಧಿಯ ಬಗ್ಗೆ ಕೊನೆಯಲ್ಲಿ ನಾಲ್ಕು ಸಾಲು: ವಯಸ್ಸು, ಹೆಂಡತಿ ಮಕ್ಕಳಿದ್ದಾರೆ, ಬಡವ, ದಯೆ ತೋರಬೇಕು ಅಂತ ವಕೀಲರು ಕೇಳಿಕೊಂಡರು. ಅಷ್ಟೇ.

ಕಾನೂನಿನ ಪ್ರಕಾರ ಹಾಗಾಗಬಾರದು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 235(2)ನೇ ಕಲಂ ಪ್ರಕಾರ ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲೆ ಶಿಕ್ಷೆ ಎಷ್ಟು ಅನ್ನುವುದಕ್ಕೆ ಬೇರೆಯೇ ವಿಚಾರಣೆ ನಡೆಯಬೇಕು. 354(3)ರ ಪ್ರಕಾರ ಮರಣದಂಡನೆ ಕೊಟ್ಟರೆ ವಿಶೇಷ ಕಾರಣ ಬರೆಯಬೇಕು. ಬಚ್ಚನ್ ಸಿಂಗ್ ತೀರ್ಪು ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕು ಅನ್ನುತ್ತದೆ. ಆದರೆ ಅದೆಷ್ಟೋ ಸೆಷನ್ಸ್ ಕೋರ್ಟುಗಳಲ್ಲಿ ಬೆಳಿಗ್ಗೆ ತಪ್ಪಿತಸ್ಥ, ಮಧ್ಯಾಹ್ನ ಶಿಕ್ಷೆ. ಮನುಷ್ಯನನ್ನು ನೋಡುವುದಕ್ಕೆ ಊಟದ ಬಿಡುವಿನಷ್ಟು ಹೊತ್ತು.

ಪ್ರಾಜೆಕ್ಟಿನ ಪ್ರಶ್ನೆ ಹುಟ್ಟಿದ್ದು ಈ ಬಿರುಕಿನಿಂದ. ಮೇಷ್ಟ್ರ ಹೆಸರು ಅನೂಪ್ ಸುರೇಂದ್ರನಾಥ್. ಹೈದರಾಬಾದಿನ ನಲ್ಸಾರ್‌ನಲ್ಲಿ ಕಾನೂನು ಓದಿ, ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮುಗಿಸಿ, ದೆಹಲಿಯ ದ್ವಾರಕಾದಲ್ಲಿರುವ ಈ ವಿಶ್ವವಿದ್ಯಾಲಯದಲ್ಲಿ ಸಂವಿಧಾನ ಕಾನೂನು ಪಾಠ ಮಾಡುತ್ತಿದ್ದವರು.

ಬಾಗಿಲು ತೆಗೆಸುವ ಕೆಲಸ

ವಿದ್ಯಾರ್ಥಿ ಸಂಶೋಧನೆಯಲ್ಲಿ ಗೈಡ್ ಮಾಡಬೇಕಾದ್ದೇನು ಅಂತ ಕೇಳಿದರೆ ನಮ್ಮಲ್ಲಿ ಥಟ್ಟನೆ ಬರುವ ಉತ್ತರ, ‘ತಿದ್ದುವುದು’. ಅಡಿಟಿಪ್ಪಣಿ ಸರಿಯಿದೆಯಾ, ಅಧ್ಯಾಯಗಳು ಐದಿವೆಯಾ ಅಂತ ನೋಡುವುದು. ಈ ಪ್ರಕರಣದಲ್ಲಿ ಆ ಕೆಲಸ ಬಹಳ ಹಿಂದಕ್ಕೆ ಸರಿಯುತ್ತದೆ.

ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ನೋಟ್‌ಬುಕ್ ಹಿಡಿದು ಸೆಂಟ್ರಲ್ ಜೈಲಿನ ಗೇಟಿಗೆ ಹೋಗಿ ‘ಗಲ್ಲಿನ ಕೈದಿಗಳನ್ನು ಮಾತನಾಡಿಸಬೇಕು’ ಅಂದರೆ ಏನಾಗುತ್ತದೆ? ಗೇಟಿನ ಸಿಪಾಯಿ ನಗುತ್ತಾನೆ. ಜೈಲು ರಾಜ್ಯ ಸರ್ಕಾರದ ವಿಷಯ. ಒಂದು ರಾಜ್ಯದ ಅನುಮತಿ ಇನ್ನೊಂದರಲ್ಲಿ ನಡೆಯುವುದಿಲ್ಲ. ಗೃಹ ಇಲಾಖೆ, ಬಂದೀಖಾನೆ ಇಲಾಖೆ, ಕೊನೆಗೆ ಆ ಜೈಲಿನ ಸೂಪರಿಂಟೆಂಡೆಂಟ್, ಹೀಗೆ ಒಂದೊಂದು ಮೆಟ್ಟಿಲಲ್ಲೂ ಕಾಗದ ನಿಲ್ಲುತ್ತದೆ.

ಇಲ್ಲಿ ಅವರು ಹಿಡಿದ ದಾರಿ ಜಾಣತನದ್ದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವನ್ನು, ಅಂದರೆ ನಾಲ್ಸಾವನ್ನು, ಜೊತೆಗೆ ಸೇರಿಸಿಕೊಂಡರು. ಬಡವರಿಗೆ ಉಚಿತ ವಕೀಲರನ್ನು ಕೊಡುವುದು ಅದರ ಕೆಲಸ. ಗಲ್ಲಿನ ಕೈದಿಗಳಿಗೆ ಕಾನೂನು ನೆರವು ಹೇಗೆ ಸಿಗುತ್ತಿದೆ ಅನ್ನುವುದು ಅದಕ್ಕೂ ಬೇಕಾದ ವಿಷಯ. ನಾಲ್ಸಾ ಹೆಸರಿನಲ್ಲಿ ಪತ್ರ ಹೋದಾಗ ವಿದ್ಯಾರ್ಥಿಯ ಅರ್ಜಿಗಿರುವ ತೂಕವೇ ಬೇರೆಯಾಯಿತು. ಆದರೂ ತಮಿಳುನಾಡು ಸರ್ಕಾರ ಒಪ್ಪಲಿಲ್ಲ. ಕೊನೆಗೆ ಲೆಕ್ಕ ಸಿಕ್ಕಿದ್ದು 385 ಕೈದಿಗಳದ್ದು. ಅವರಲ್ಲಿ 373 ಮಂದಿಯನ್ನು ಮಾತನಾಡಿಸಲು ಸಾಧ್ಯವಾಯಿತು. ಮಾದರಿಗೆ ಅಂತ ನೂರು ಜನರನ್ನು ಆರಿಸಿಕೊಂಡ ಸಮೀಕ್ಷೆ ಅಲ್ಲ ಇದು. ಹೆಚ್ಚುಕಡಿಮೆ ಇದ್ದವರೆಲ್ಲರ ಎಣಿಕೆ. ಉತ್ತರ ಪ್ರದೇಶದಲ್ಲಿ 79, ಬಿಹಾರದಲ್ಲಿ 53. ಮೂರನೆಯದು ನಮ್ಮ ಕರ್ನಾಟಕ, 45. ಈ ಸಂಖ್ಯೆ ನೋಡಿದಾಗ ನನಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನಾನು ಪ್ರಾಜೆಕ್ಟ್ ಬರೆದು ಅಂಕ ತೆಗೆದುಕೊಂಡ ರಾಜ್ಯ ಇದು, ಅಲ್ವಾ.

ದಾಖಲೆಯ ಕಡೆಯ ಕಥೆ ಇನ್ನೂ ಸ್ವಾರಸ್ಯ. ಸ್ವಾತಂತ್ರ್ಯ ಬಂದ ಮೇಲೆ ಎಷ್ಟು ಜನಕ್ಕೆ ಗಲ್ಲಾಗಿದೆ ಅಂತ ಇದೇ ತಂಡ ಜೈಲುಗಳನ್ನು ಕೇಳಿತು. ಕೆಲವು ಕಡೆಯಿಂದ ಬಂದ ಉತ್ತರ: ಕಡತ ಕಳೆದುಹೋಗಿದೆ, ಗೆದ್ದಲು ತಿಂದಿದೆ. ಮನುಷ್ಯನ ಪ್ರಾಣ ತೆಗೆದ ಲೆಕ್ಕವನ್ನು ಗೆದ್ದಲು ತಿಂದುಹಾಕಿತು ಅಂದರೆ ಏನು ಹೇಳೋಣ. ಸಿಕ್ಕಷ್ಟು ಕಡತದಿಂದಲೇ 700ಕ್ಕೂ ಜಾಸ್ತಿ ಹೆಸರುಗಳ ಪಟ್ಟಿಯಾಯಿತು. ಐವತ್ತರ ಆಸುಪಾಸು ಅಂತ ಅಲ್ಲಿಯವರೆಗೆ ಓಡಾಡುತ್ತಿದ್ದ ಸರ್ಕಾರಿ ಲೆಕ್ಕಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಮಾತನಾಡಿಸುವುದು

ಸಂದರ್ಶನಗಳು ನಡೆದಿದ್ದು 2013ರ ನಡುವಿನಿಂದ 2015ರ ಜನವರಿವರೆಗೆ. ಕೈದಿಯನ್ನು ಜೈಲಿನಲ್ಲಿ, ಅವರ ಮನೆಯವರನ್ನು ಅವರ ಊರಲ್ಲಿ ಬೇರೆಯಾಗಿ ಮಾತನಾಡಿಸುವ ಕ್ರಮ. ಓಡಾಡಿದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು.

ಇದರ ಕಷ್ಟವನ್ನು ಸ್ವಲ್ಪ ನಿಂತು ಯೋಚಿಸಬೇಕು. ಗಲ್ಲಿನ ಕೈದಿಯ ಮನೆ ಹುಡುಕುವುದು ಸುಲಭವಲ್ಲ. ಚಾರ್ಜ್‌ಶೀಟಿನಲ್ಲಿರುವ ವಿಳಾಸ ಹತ್ತು ವರ್ಷ ಹಳೆಯದು. ಊರವರು ಬಹಿಷ್ಕಾರ ಹಾಕಿದ್ದಕ್ಕೆ ಮನೆಯವರು ಗುಳೆ ಹೋಗಿರಬಹುದು. ವಕೀಲರ ಫೀಸಿಗೆ ಹೊಲ ಮಾರಿರಬಹುದು. ಮಗನ ಹೆಸರೆತ್ತಿದರೆ ಬಾಗಿಲು ಹಾಕಿಕೊಳ್ಳಬಹುದು. ಇನ್ನು ಕೆಲವರಿಗೆ ಕೇಸು ಈಗ ಯಾವ ಕೋರ್ಟಿನಲ್ಲಿದೆ ಅನ್ನುವುದೇ ಗೊತ್ತಿಲ್ಲ. ದೆಹಲಿಯಿಂದ ಬಂದ ಇಂಗ್ಲಿಷ್ ಓದಿದ ಹುಡುಗಿಯನ್ನು ಕಂಡು ಅವರೇ ಎದುರು ಪ್ರಶ್ನೆ ಹಾಕುತ್ತಾರೆ: ‘ನಮ್ಮವನ ಕೇಸು ಎಲ್ಲಿಗೆ ಬಂತಮ್ಮ?’

ಇಂಥ ಸಂಶೋಧನೆಯ ಅತಿ ಸೂಕ್ಷ್ಮ ಜಾಗ ಇದೇ ಅಂತ ನನಗನಿಸುತ್ತದೆ. ಸಾವಿನ ತೀರ್ಪು ಹೊತ್ತವನ ಮುಂದೆ ಯಾರು ಬಂದು ಕೂತರೂ ಅವನಿಗೆ ಆಸೆ ಹುಟ್ಟುತ್ತದೆ. ‘ನಾವು ನಿಮ್ಮ ವಕೀಲರಲ್ಲ, ನಮ್ಮ ಜೊತೆ ಮಾತನಾಡಿದರೆ ನಿಮ್ಮ ಕೇಸಿಗೆ ಲಾಭವಿಲ್ಲ, ಆಡದಿದ್ದರೆ ನಷ್ಟವೂ ಇಲ್ಲ’ ಅಂತ ಹೇಳಿಯೇ ಶುರು ಮಾಡಬೇಕು. ಹೇಳಿದರೂ ಆಸೆ ಹೋಗುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮನುಷ್ಯ ನಿಜವಾಗಿ ಏನಕ್ಕೆ ಒಪ್ಪಿದ? ಎದುರಿಗೆ ಕೂತವರು ಪ್ರಾಧಿಕಾರದ ಪತ್ರ ಹಿಡಿದು ಬಂದವರು, ಜೈಲರ್ ಕುರ್ಚಿ ಹಾಕಿಸಿದ ಅತಿಥಿಗಳು. ‘ಇಲ್ಲ’ ಅನ್ನುವ ಧೈರ್ಯ ಯಾರಿಗಿದೆ? ಈ ಪ್ರಶ್ನೆಗೆ ಪೂರ್ತಿ ಉತ್ತರ ಇಲ್ಲ. ಗೈಡ್ ಆದವರು ವಿದ್ಯಾರ್ಥಿಗೆ ಇದನ್ನು ಮೊದಲೇ ಹೇಳಿ ಕಳಿಸಬೇಕು, ವಾಪಸ್ ಬಂದ ಮೇಲೆ ಕೂರಿಸಿಕೊಂಡು ಕೇಳಬೇಕು. ಅಷ್ಟೇ ಸಾಧ್ಯ.

ಇನ್ನೊಂದು ಕಷ್ಟ, ಅಪರಾಧದ್ದೇ. ಇವರಲ್ಲಿ ಹಲವರ ಮೇಲಿನ ಆರೋಪ ಕೇಳಿದರೆ ಊಟ ಸೇರುವುದಿಲ್ಲ. ಮಕ್ಕಳ ಮೇಲೆ ಎಸಗಿದ ಕೃತ್ಯಗಳಿವೆ, ಒಂದೇ ಮನೆಯ ನಾಲ್ಕೈದು ಜನರ ಕೊಲೆಯಿದೆ. ಎದುರಿಗೆ ಕೂತವನು ಅದನ್ನು ಮಾಡಿರಲೂಬಹುದು, ಮಾಡದೆಯೂ ಇರಬಹುದು. ವಿದ್ಯಾರ್ಥಿ ಆ ಹೊತ್ತಿನಲ್ಲಿ ಜಡ್ಜ್ ಅಲ್ಲ, ಪೊಲೀಸ್ ಅಲ್ಲ, ವಕೀಲನೂ ಅಲ್ಲ. ‘ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟೆ? ಯಾಕೆ ಬಿಟ್ಟೆ? ನಿನ್ನ ವಕೀಲರು ನಿನ್ನ ಜೊತೆ ಎಷ್ಟು ಸಲ ಮಾತನಾಡಿದ್ದಾರೆ?’ ಅಂತ ಕೇಳಬೇಕು, ಕೇಳಿದ್ದನ್ನು ಬರೆದುಕೊಳ್ಳಬೇಕು. ತನ್ನ ಅಸಹ್ಯ, ತನ್ನ ಕನಿಕರ ಎರಡನ್ನೂ ಬರಹದಿಂದ ದೂರ ಇಡಬೇಕು. ಕಾನೂನು ಕಾಲೇಜಿನ ಯಾವ ಪತ್ರಿಕೆಯಲ್ಲಿ ಇದನ್ನು ಕಲಿಸುತ್ತಾರೆ ಹೇಳಿ. ಕಟ್ಟುನಿಟ್ಟಾಗಿ ನೋಡಿದರೆ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ನಮ್ಮ ಎಲ್‌ಎಲ್‌ಬಿಯಲ್ಲೂ ಕ್ಲಿನಿಕಲ್ ಪತ್ರಿಕೆಗಳು, ಅಂದರೆ ಪ್ರಾಯೋಗಿಕ ತರಬೇತಿಯ ಪತ್ರಿಕೆಗಳು, ಇವೆ. ಬಹಳ ಕಡೆ ಅದು ಡೈರಿ ಬರೆಯುವುದರಲ್ಲಿ ಮುಗಿಯುತ್ತದೆ.

ವರದಿಯಲ್ಲಿ ಕೈದಿಗಳ ನಿಜ ಹೆಸರು ಬಳಸಲಿಲ್ಲ. ಪೊಲೀಸ್ ಹಿಂಸೆಯ ಬಗ್ಗೆ ಮಾತನಾಡಿದವನು ಮರುದಿನವೂ ಅದೇ ಜೈಲಿನಲ್ಲೇ ಇರಬೇಕಲ್ಲ.

ಏನು ಸಿಕ್ಕಿತು

ಮಾಡುತ್ತಿದ್ದ ಕೆಲಸ ಮತ್ತು ಇದ್ದ ಜಮೀನಿನ ಲೆಕ್ಕದಲ್ಲಿ ಕೈದಿಗಳ ಶೇ 74.1ರಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ಶೇ 76ರಷ್ಟು ಮಂದಿ ಹಿಂದುಳಿದ ಜಾತಿ, ಪಂಗಡ, ವರ್ಗ ಇಲ್ಲವೇ ಧಾರ್ಮಿಕ ಅಲ್ಪಸಂಖ್ಯಾತರು. ಪಟ್ಟಿಯಲ್ಲಿದ್ದ ಹೆಂಗಸರು 12 ಮಂದಿ, ಅಷ್ಟೂ ಜನ ಇದೇ ಗುಂಪಿನವರು. ಶಾಲೆಯ ಮೆಟ್ಟಿಲೇ ಹತ್ತದವರು ಶೇ 23.

ನನ್ನನ್ನು ಹೆಚ್ಚು ಕಾಡಿದ್ದು ವಕೀಲರ ಭಾಗ. ಇವರೆಲ್ಲ ಉಚಿತ ಕಾನೂನು ನೆರವಿನ ಮೇಲೆ ನಿಂತವರು ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಇಷ್ಟು ಬಡವರಾದರೂ ಹೆಚ್ಚಿನವರು ಖಾಸಗಿ ವಕೀಲರನ್ನೇ ಇಟ್ಟುಕೊಂಡಿದ್ದರು. ಉಚಿತ ನೆರವಿನ ವಕೀಲರ ಮೇಲೆ ನಂಬಿಕೆಯಿಲ್ಲದ್ದಕ್ಕೆ ಹೊಲ, ಮನೆ, ಒಡವೆ ಮಾರಿ ಯಾರನ್ನೋ ಹಿಡಿದಿದ್ದರು. ಆ ‘ಯಾರನ್ನೋ’ ಅನ್ನುವುದೇ ಸಮಸ್ಯೆ. ವಿಚಾರಣಾ ಕೋರ್ಟಿನ ವಕೀಲರು ಕೋರ್ಟಿನ ಹೊರಗೆ ಒಮ್ಮೆಯೂ ತಮ್ಮನ್ನು ಭೇಟಿ ಮಾಡಿರಲಿಲ್ಲ ಅಂತ, ಈ ಬಗ್ಗೆ ಮಾತನಾಡಿದ ಕೈದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಹೇಳಿದರು. ಹೈಕೋರ್ಟಿನಲ್ಲಿ ತಮ್ಮ ಪರ ನಿಂತವರ ಮುಖವನ್ನೇ ನೋಡಿಲ್ಲ ಅಂದವರೂ ಬಹಳ. ಹಾಗಾದ ಮೇಲೆ ಶಿಕ್ಷೆಯ ವಿಚಾರಣೆಯಲ್ಲಿ ಆ ವಕೀಲರು ಅಪರಾಧಿಯ ಬಗ್ಗೆ ಏನು ಹೇಳಿಯಾರು? ತೀರ್ಪಿನಲ್ಲಿ ಯಾಕೆ ನಾಲ್ಕೇ ಸಾಲು ಇರುತ್ತದೆ ಅನ್ನುವುದು ಇಲ್ಲಿ ಬಿಚ್ಚಿಕೊಳ್ಳುತ್ತದೆ.

ಪೊಲೀಸ್ ಕಸ್ಟಡಿಯ ಬಗ್ಗೆ ಬಾಯಿಬಿಟ್ಟವರು 270 ಜನ. ಅದರಲ್ಲಿ 216 ಜನ ತಮಗೆ ಹಿಂಸೆ ಕೊಟ್ಟರು ಅಂದರು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಅಂತ ಮೊದಲ ವರ್ಷದ ಲಾ ವಿದ್ಯಾರ್ಥಿಯೂ ಹೇಳುತ್ತಾನೆ. ಆದರೆ ಆಗಿನ ಸಾಕ್ಷ್ಯ ಕಾನೂನಿನಲ್ಲಿ 27ನೇ ಕಲಂ ಇತ್ತು. ಆರೋಪಿ ಕೊಟ್ಟ ಸುಳಿವಿನಿಂದ ವಸ್ತು ಸಿಕ್ಕರೆ ಅಷ್ಟು ಮಾತು ನಡೆಯುತ್ತದೆ. ಮಚ್ಚು ಸಿಕ್ಕಿತು, ರಕ್ತದ ಅಂಗಿ ಸಿಕ್ಕಿತು, ಪಂಚನಾಮೆ ಆಯಿತು. ಬಡಿತಕ್ಕೂ ಮಚ್ಚಿಗೂ ಇರುವ ನಂಟು ಪುಸ್ತಕದಲ್ಲಿ ಕಾಣುವುದಿಲ್ಲ. ನೂರಾರು ಬಾಯಿಗಳಿಂದ ಒಂದೇ ಕಥೆ ಬಂದಾಗ ಕಾಣುತ್ತದೆ.

ಇನ್ನೊಂದು ಲೆಕ್ಕಕ್ಕೆ ಜೈಲಿಗೆ ಹೋಗಬೇಕಾದ್ದೇ ಇರಲಿಲ್ಲ, ಕೂತು ಕಡತ ನೋಡುವ ತಾಳ್ಮೆ ಬೇಕಿತ್ತು. 2000ದಿಂದ 2015ರವರೆಗೆ ದೇಶದ ವಿಚಾರಣಾ ಕೋರ್ಟುಗಳು ಮರಣದಂಡನೆ ಕೊಟ್ಟಿದ್ದು 1,810 ಮಂದಿಗೆ. ಅದರಲ್ಲಿ ಮೇಲಿನ ಕೋರ್ಟುಗಳ ಫಲಿತಾಂಶ ಸಿಕ್ಕ 1,486 ಮಂದಿಯನ್ನು ಹಿಡಿದರೆ, ಗಲ್ಲು ಉಳಿದಿದ್ದು 73 ಜನಕ್ಕೆ. ಶೇ 4.9. ಪೂರ್ತಿ ಖುಲಾಸೆಯಾದವರು 443. ಉಳಿದವರದ್ದು ಕಡಿಮೆ ಶಿಕ್ಷೆಗೆ ಇಳಿಯಿತು. ಅಂದರೆ ಸೆಷನ್ಸ್ ಜಡ್ಜ್ ಸಾವಿನ ತೀರ್ಪು ಬರೆದ ಹತ್ತು ಜನರಲ್ಲಿ ಸುಮಾರು ಮೂವರು ಕೊನೆಗೆ ನಿರ್ದೋಷಿ ಅಂತ ಹೊರಗೆ ಬಂದಿದ್ದಾರೆ. ಗಲ್ಲಿನ ಪರ ಇರುವವರೂ ಈ ಅಂಕಿಯ ಮುಂದೆ ಒಂದು ನಿಮಿಷ ನಿಲ್ಲಲೇಬೇಕು. ಇಡೀ ವರದಿಯಲ್ಲಿ ಯಾರೂ ಅಲ್ಲಗಳೆಯಲಾಗದ ಭಾಗ ಇದು ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಇದು ಕೈದಿ ಹೇಳಿದ ಮಾತಲ್ಲ, ಕೋರ್ಟೇ ಬರೆದದ್ದು.

ಎಲ್ಲಿ ಕಾಲು ಜಾರಬಹುದಿತ್ತು

ಕೈದಿ ಹೇಳಿದ ಮಾತು ಅಂದೆನಲ್ಲ, ವರದಿಯ ಮೇಲಿನ ದೊಡ್ಡ ಆಕ್ಷೇಪಣೆ ಅದೇ. ಹಿಂಸೆಯಾಯಿತು ಅಂತ ಹೇಳಿದ್ದನ್ನು ಪೊಲೀಸರ ಕಡೆಯಿಂದ ತಾಳೆ ನೋಡಿಲ್ಲ. ಸಾಯಬೇಕಾದವನು ಸತ್ಯವನ್ನೇ ಹೇಳುತ್ತಾನೆ ಅಂತ ಏನು ಗ್ಯಾರಂಟಿ? ಆಕ್ಷೇಪಣೆ ಸರಿಯಾದದ್ದೇ. ಅದಕ್ಕೇ ‘ಇಷ್ಟು ಜನ ಹಿಂಸೆಗೆ ಒಳಗಾದರು’ ಅನ್ನುವುದಕ್ಕೂ ‘ಇಷ್ಟು ಜನ ಹಾಗೆ ಹೇಳಿದರು’ ಅನ್ನುವುದಕ್ಕೂ ನಡುವಿನ ವ್ಯತ್ಯಾಸವನ್ನು ಸಂಶೋಧಕ ಬಿಟ್ಟುಕೊಡಬಾರದು. ಪತ್ರಿಕೆಗಳ ತಲೆಬರಹದಲ್ಲಿ ಆ ವ್ಯತ್ಯಾಸ ಬೇಗ ಮಾಯವಾಗುತ್ತದೆ.

ಜಾತಿಯ ಅಂಕಿಯೂ ಹಾಗೆಯೇ. ಶೇ 76 ಅಂದ ಕೂಡಲೇ ‘ಕೋರ್ಟು ಜಾತಿ ನೋಡಿ ಗಲ್ಲು ಹಾಕುತ್ತದೆ’ ಅಂತ ಎಗರಬಾರದು. ಜನಸಂಖ್ಯೆಯಲ್ಲೇ ಈ ಗುಂಪುಗಳ ಪಾಲು ದೊಡ್ಡದು. ಅದೇ ಬಗೆಯ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಪಡೆದವರ ಜೊತೆ ಹೋಲಿಸಿದ್ದರೆ ಮಾತ್ರ ತಾರತಮ್ಯ ಸಾಬೀತಾಗುತ್ತಿತ್ತು. ವರದಿ ಅಷ್ಟು ದೂರ ಹೋಗಿ ನೇರ ತಾರತಮ್ಯವಿದೆ ಅಂತ ಹೇಳಲೂ ಇಲ್ಲ. ಹೊರೆ ಯಾರ ಬೆನ್ನ ಮೇಲೆ ಬಿದ್ದಿದೆ ಅಂತ ತೋರಿಸಿ ನಿಲ್ಲುತ್ತದೆ. ಉತ್ಸಾಹದ ವಿದ್ಯಾರ್ಥಿಗಳನ್ನು ಹಾಗೆ ನಿಲ್ಲಿಸುವುದಿದೆಯಲ್ಲ, ಮೇಷ್ಟ್ರ ಎರಡನೇ ದೊಡ್ಡ ಕೆಲಸ ಅದು. ಬಾಗಿಲು ತೆಗೆಸುವುದಕ್ಕಿಂತ ಇದು ಕಷ್ಟ.

ಸತ್ತವರ ಮನೆಯವರ ಮಾತು ಇದರಲ್ಲಿಲ್ಲ ಅನ್ನುವವರಿದ್ದಾರೆ. ಇಲ್ಲ, ನಿಜ. ಪ್ರಶ್ನೆ ಅದಾಗಿರಲಿಲ್ಲ. ಆದರೂ ಆ ಕೊರತೆ ಓದುವಾಗ ಚುಚ್ಚುತ್ತದೆ. ಬೇರೆ ಯಾರಾದರೂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆ ಕೆಲಸವನ್ನೂ ಮಾಡಬಹುದು, ಯಾರು ಬೇಡ ಅಂದರು.

ಮೇಷ್ಟ್ರ ಸ್ಥಾನದ ಬಗ್ಗೆಯೂ ಒಂದು ಮಾತು. 2015ರ ಜುಲೈ 30ರಂದು ಯಾಕೂಬ್ ಮೆಮನ್‌ಗೆ ನಾಗಪುರದಲ್ಲಿ ಗಲ್ಲಾಯಿತು. ಹಿಂದಿನ ರಾತ್ರಿಯೆಲ್ಲ ಸುಪ್ರೀಂ ಕೋರ್ಟಿನಲ್ಲಿ ಓಡಾಟ, ನಸುಕಿನಲ್ಲಿ ವಿಚಾರಣೆ. ಆಗ ಅನೂಪ್ ಸುರೇಂದ್ರನಾಥ್ ಸುಪ್ರೀಂ ಕೋರ್ಟಿನಲ್ಲಿ ಸಂಶೋಧನಾ ವಿಭಾಗದ ಡೆಪ್ಯುಟಿ ರಿಜಿಸ್ಟ್ರಾರ್ ಆಗಿದ್ದರು. ಅದಾದ ಬೆನ್ನಲ್ಲೇ ಆ ಹುದ್ದೆಗೆ ರಾಜೀನಾಮೆ ಕೊಟ್ಟು ವಿಶ್ವವಿದ್ಯಾಲಯದ ಕೆಲಸಕ್ಕೆ ಮರಳಿದರು. ಇದು ಹಲವರ ಮೆಚ್ಚುಗೆಗೂ ಹಲವರ ಸಿಟ್ಟಿಗೂ ಕಾರಣವಾಯಿತು. ನಿಲುವು ಇರುವ ಮೇಷ್ಟ್ರು ತಟಸ್ಥ ಸಂಶೋಧನೆ ಮಾಡಿಸಬಹುದಾ? ನನ್ನ ಪ್ರಕಾರ ಮಾಡಿಸಬಹುದು. ಆದರೆ ನಿಲುವು ಮುಚ್ಚಿಡಬಾರದು, ಲೆಕ್ಕ ತೆರೆದಿಡಬೇಕು. ನಿಲುವೇ ಇಲ್ಲದ ಗೈಡ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಕೈಕೆಳಗೆ ಹುಟ್ಟಿದ್ದು ಜೆರಾಕ್ಸ್ ಅಂಗಡಿಯ ಪ್ರಾಜೆಕ್ಟುಗಳು.

ಆಮೇಲೆ

ವರದಿ ಅಚ್ಚಾಗುವ ಮೊದಲೇ ಅದರ ಅಂಕಿಗಳು ಕೆಲಸ ಶುರು ಮಾಡಿದ್ದವು. ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ 2015ರ ಆಗಸ್ಟ್‌ನಲ್ಲಿ ಕೊಟ್ಟ 262ನೇ ವರದಿಗೆ ಈ ತಂಡದ ನೆರವಿತ್ತು. ಭಯೋತ್ಪಾದನೆ ಮತ್ತು ಯುದ್ಧ ಸಾರುವ ಅಪರಾಧ ಬಿಟ್ಟು ಉಳಿದದ್ದಕ್ಕೆ ಮರಣದಂಡನೆ ತೆಗೆಯಬೇಕು ಅಂತ ಆಯೋಗ ಹೇಳಿತು. ಸರ್ಕಾರ ತೆಗೆಯಲಿಲ್ಲ. ಬದಲಿಗೆ ಆಮೇಲೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೂ ಅದು ಸೇರಿತು.

ಕೋರ್ಟಿನ ಕಡೆ ಮಾತ್ರ ನೆಲ ಸ್ವಲ್ಪ ಅಲುಗಾಡಿತು. ಈ ತಂಡ ಒಂದು ಸಂಶೋಧನಾ ಕೇಂದ್ರವಾಗಿ ಬೆಳೆಯಿತು. ಉಚಿತ ಕಾನೂನು ನೆರವು ಹೇಳುವ ಸಂವಿಧಾನದ 39ಎ ವಿಧಿಯ ಹೆಸರನ್ನು ಇಟ್ಟುಕೊಂಡು ‘ಪ್ರಾಜೆಕ್ಟ್ 39ಎ’ ಆಯಿತು. 2021ರಲ್ಲಿ ಗಲ್ಲಿನ ಕೈದಿಗಳ ಮಾನಸಿಕ ಆರೋಗ್ಯದ ಬಗ್ಗೆ ಇನ್ನೊಂದು ಅಧ್ಯಯನ ಬಂತು. ಐದು ರಾಜ್ಯಗಳ 88 ಕೈದಿಗಳು, ಅದರಲ್ಲಿ ಕರ್ನಾಟಕವೂ ಇತ್ತು. ಕಾನೂನಿನವರಿಗೆ ಮನಸ್ಸಿನ ಕಾಯಿಲೆ ಅಳೆಯಲು ಬರುವುದಿಲ್ಲವಲ್ಲ, ಈ ಸಲ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರ ಮಾರ್ಗದರ್ಶನ ಪಡೆದರು. ಪರೀಕ್ಷೆಗೆ ಒಳಗಾದ ಕೈದಿಗಳಲ್ಲಿ ಶೇ 62.2 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. 2022ರ ಮೇ 20ರಂದು ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆ ತೀರ್ಮಾನಿಸುವ ಮೊದಲು ಆರೋಪಿಯ ಮಾನಸಿಕ ಸ್ಥಿತಿ, ಮನೆತನ, ಓದು, ಜೈಲಿನ ನಡತೆ ಎಲ್ಲವನ್ನೂ ತರಿಸಿ ನೋಡಬೇಕು ಅಂತ ಕೆಳಗಿನ ಕೋರ್ಟುಗಳಿಗೆ ಹೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಶಿಕ್ಷೆಯ ವಿಚಾರಣೆಗೆ ಎಷ್ಟು ಸಮಯ ಕೊಟ್ಟರೆ ನ್ಯಾಯ ಅನ್ನುವ ಪ್ರಶ್ನೆಯನ್ನು ಐವರ ಪೀಠಕ್ಕೆ ಕಳಿಸಿತು. ತೀರ್ಪಿನ ಆ ನಾಲ್ಕು ಸಾಲಿಗೆ ಜಾಗ ಕೇಳಿದಂತಾಯಿತು.

ಇದೆಲ್ಲ ನಮ್ಮಲ್ಲೂ ಆಗಬಹುದಿತ್ತಾ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. ಪ್ರತಿ ವಿಷಯಕ್ಕೂ ಪ್ರಾಜೆಕ್ಟ್, ಅದಕ್ಕೊಂದು ವೈವಾ ಅನ್ನುವ ಪದ್ಧತಿ ಬೇರು ಬಿಟ್ಟಿದ್ದು ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲೇ. ಮಿಕ್ಕ ರಾಷ್ಟ್ರೀಯ ಕಾನೂನು ಶಾಲೆಗಳು ಅದನ್ನು ನೋಡಿ ಬೆಳೆದವು. ವಿಷಯಕ್ಕೂ ಬರವಿಲ್ಲ. ಬೆಳಗಾವಿಯ ಹಿಂಡಲಗಾ ಜೈಲನ್ನೇ ತೆಗೆದುಕೊಳ್ಳಿ. ರಾಜ್ಯದ ಗಲ್ಲಿನ ಕೈದಿಗಳನ್ನು ಇಡುತ್ತಾ ಬಂದ ಜಾಗ ಅದು. 1993ರ ಪಾಲಾರ್ ಸ್ಫೋಟದ ಪ್ರಕರಣದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರು ಅಲ್ಲೇ ಇದ್ದರು. ಕ್ಷಮಾದಾನ ಅರ್ಜಿ ವರ್ಷಗಟ್ಟಲೆ ಕೊಳೆತಿದ್ದಕ್ಕೆ 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ 15 ಜನರ ಗಲ್ಲು ರದ್ದು ಮಾಡಿದಾಗ ಆ ನಾಲ್ವರದ್ದೂ ಜೀವಾವಧಿಗೆ ಇಳಿಯಿತು. ಅದೇ ಜೈಲಿನಲ್ಲಿ ಇನ್ನೊಬ್ಬ ಕೈದಿಯನ್ನು ಸುಮಾರು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಹಾಗೆ ಇಡುವಂತಿಲ್ಲ ಅಂತ 1978ರ ಸುನಿಲ್ ಬಾತ್ರಾ ತೀರ್ಪು ಹೇಳಿ ದಶಕಗಳೇ ಆಗಿದ್ದವು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಒಂಟಿತನದ ಕಾರಣಕ್ಕೇ ಅವನ ಗಲ್ಲನ್ನು ಕನಿಷ್ಠ 30 ವರ್ಷ ಒಳಗಿರಬೇಕಾದ ಜೀವಾವಧಿ ಶಿಕ್ಷೆಗೆ ಇಳಿಸಿತು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಸುತ್ತ ಎಷ್ಟು ಲಾ ಕಾಲೇಜಿವೆ ಎಣಿಸಿ ನೋಡಿ. ಧಾರವಾಡದಲ್ಲಿ ಹೈಕೋರ್ಟ್ ಪೀಠ, ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ.

ಕೊನೆಗೆ ಒಂದು ಕೇಸು. 1994ರಲ್ಲಿ ಪುಣೆಯಲ್ಲಿ ಒಂದೇ ಮನೆಯ ಹೆಂಗಸರು, ಮಕ್ಕಳು ಸೇರಿ ಏಳು ಜನರ ಕೊಲೆಯಾಯಿತು. ಸಿಕ್ಕಿಬಿದ್ದವರಲ್ಲಿ ರಾಜಸ್ಥಾನದ ಒಬ್ಬನಿದ್ದ. ಪೊಲೀಸ್ ಕಾಗದದಲ್ಲಿ ವಯಸ್ಸು ಇಪ್ಪತ್ತರ ಮೇಲೆ. 1998ರಲ್ಲಿ ಗಲ್ಲಿನ ತೀರ್ಪಾಯಿತು, 2000ದಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ವರ್ಷಗಳ ನಂತರ ಪ್ರಾಜೆಕ್ಟ್ 39ಎ ಅವನ ಪರ ಕೆಲಸಕ್ಕೆ ಇಳಿಯಿತು. ಬಿಕಾನೇರ್ ಕಡೆಯ ಹಳ್ಳಿ ಶಾಲೆಯ ದಾಖಲಾತಿ ರಿಜಿಸ್ಟರ್ ಕೋರ್ಟಿನ ಮುಂದೆ ಬಂತು. ಕೇಸಿನಲ್ಲಿ ಒಂದು ಹೆಸರು, ರಿಜಿಸ್ಟರಿನಲ್ಲಿ ಇನ್ನೊಂದು. ಇಬ್ಬರೂ ಒಬ್ಬನೇ ಅಂತ ತೋರಿಸುವುದರಲ್ಲೇ ವರ್ಷಗಳು ಹೋದವು. ಹುಟ್ಟಿದ ತಾರೀಖಿನ ಪ್ರಕಾರ ಕೊಲೆಯಾದ ದಿನ ಅವನಿಗೆ 12 ವರ್ಷ 6 ತಿಂಗಳು. ಆ ವಯಸ್ಸಿನ ಬಾಲಕನಿಗೆ ಗಲ್ಲು ಹಾಗಿರಲಿ, ಮೂರು ವರ್ಷಕ್ಕಿಂತ ಜಾಸ್ತಿ ಕೂಡಿಹಾಕುವುದಕ್ಕೂ ಬರುವುದಿಲ್ಲ. 2023ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವನು ಜೈಲಿನಲ್ಲಿ 28 ವರ್ಷ ಕಳೆದಿದ್ದ. ರಿಜಿಸ್ಟರ್ ಅಷ್ಟೂ ವರ್ಷ ಆ ಶಾಲೆಯಲ್ಲೇ ಇತ್ತು.